ಐವತ್ಮೂರು ಕೇಜಿ ಮಹಾತ್ಮೆ

ಕಳೆದ ಭಾನುವಾರ ಅಟ್ಟದ ಮೇಲಿನ ಹಳೆಯ ಸೂಟ್‌ಕೇಸು ಇಳಿಸುವಾಗ ನಮ್ಮ ಮನೆಯವರ ಕೈಗೆ ನನ್ನದೊಂದು ನೀಲಿ ಪ್ಲಾಸ್ಟಿಕ್ ಮಳೆಕೋಟು ಸಿಕ್ಕಿತು. ಮಡಿಕೆ ಮಡಿಕೆಗೂ ಅಂಟಿಕೊಂಡಿದ್ದ ಅದನ್ನು ಬಿಡಿಸಿದರೆ ಚರ್ರೆಂದಿತು. ಎರಡೂ ತೋಳಿನ ತುದಿಯಲ್ಲಿ ರಬ್ಬರ್ ಬ್ಯಾಂಡುಗಳು ಕರಗಿ ಬಳಿದುಕೊಂಡಿದ್ದವು.

"ಇದೇನೇ, ಮಳೆಕೋಟಿಗೆ ರಬ್ಬರ್ ಬ್ಯಾಂಡು? ನೀರು ಒಳಗೆ ಬರಬಾರ್ದು ಅಂತಾನಾ?" ಎಂದರು.

"ಅಲ್ಲ, ಗಾಳಿ ಬರಬಾರ್ದು ಅಂತ. ಚೆನ್ನಾಗಿ ಬೆವರ್ಲಿ ಅಂತ."

"ಬೆವರೋಕೆ ಕೋಟು ಬೇಕೇನೇ? ಗೌರಿಬಿದನೂರಿಗೆ ಬಂದು ನಿಂತಿದ್ರೆ ಸಾಕಿತ್ತಲ್ಲ!"

ಇದು ಅವರ ಹುಟ್ಟೂರು. ಬೇಸಿಗೆಯಲ್ಲಿ ಇಲ್ಲಿನ ಕಲ್ಲುಚಪ್ಪಡಿಯೂ ಬೆವರುತ್ತದೆ. ನಾನೂ ನಕ್ಕೆ. ಆದರೆ ಆ ಕೋಟಿನ ವಾಸನೆ ಮೂಗಿಗೆ ಬಡಿದಾಗ ಬಾಯಿ ತಾನಾಗಿಯೇ ಒಣಗಿತು, ಎದ್ದುಹೋಗಿ ಎರಡು ಲೋಟ ನೀರು ಕುಡಿದು ಬಂದೆ.

ಕುಸ್ತಿ ಎಂದರೆ ಬಲ ಎಂದು ನೀವು ತಿಳಿದಿದ್ದರೆ ನಿಮ್ಮ ಮುಗ್ಧತೆಗೆ ನನ್ನದೊಂದು ನಮಸ್ಕಾರ. ನಾನೂ ಹಾಗೆಯೇ ತಿಳಿದು ಅದಕ್ಕೆ ಸೇರಿದವಳು. ಕುಸ್ತಿ ಎಂದರೆ ತಕ್ಕಡಿ. ಮ್ಯಾಟಿನ ಮೇಲೆ ನಾನು ಕಳೆದದ್ದು ಎಷ್ಟು ಹೊತ್ತೋ ಗೊತ್ತಿಲ್ಲ, ಆದರೆ ಮೈ ಹಗುರವಾಗಲೆಂದು ಬಾಟಲಿಯೊಳಗೆ ಉಗುಳುತ್ತ ಕೂತದ್ದು ಅದಕ್ಕಿಂತ ಹೆಚ್ಚೇ ಇರಬೇಕು.

ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ನಮ್ಮ ಹಳ್ಳಿ. ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತೂ ಹೊತ್ತೂ ನನ್ನ ಕತ್ತು, ಹೆಗಲು ನಮ್ಮ ಅಣ್ಣನಿಗಿಂತ ದಪ್ಪಗಿದ್ದವು. ಚಿಕ್ಕಬಳ್ಳಾಪುರದ ಕಾಲೇಜಿಗೆ ಸೇರಿದ ವರ್ಷ ಹಗ್ಗಜಗ್ಗಾಟದಲ್ಲಿ ನನ್ನನ್ನು ಕೊನೆಯಲ್ಲಿ ನಿಲ್ಲಿಸಿದ್ದರು. ಎದುರಿನ ಎಂಟು ಹುಡುಗಿಯರು ನನ್ನ ಕಡೆಗೆ ಬಂದು ಬಿದ್ದರು. ಅದನ್ನು ನೋಡಿದ ಜಿಲ್ಲಾ ತಂಡದ ಕುಸ್ತಿ ಕೋಚ್ ಸಾರ್ ಹತ್ತಿರ ಬಂದು ನನ್ನ ಹೆಗಲನ್ನು ಸಂತೆಯಲ್ಲಿ ಎತ್ತು ನೋಡುವಂತೆ ನೋಡಿದರು.

"ಏನಮ್ಮ ತಿಂತೀಯ ನೀನು?"

"ಮುದ್ದೆ ಸಾರ್."

"ಇನ್ಮೇಲೆ ಎರಡು ತಿನ್ನು."

ಆ ಮಾತಿಗೇ ಮರುಳಾಗಿ ಕುಸ್ತಿಗೆ ಸೇರಿದೆ. ಹೆಣ್ಣುಮಗಳಿಗೆ ಎರಡು ಮುದ್ದೆ ತಿನ್ನು ಎಂದ ಗಂಡಸನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಮರುವರ್ಷ ಚಿಂತಾಮಣಿ ಕಡೆಯಿಂದ ಮಂಜುಳ ಬಂದಳು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಅವಳ ತೂಕವೂ ಐವತ್ತೇಳು, ನನ್ನದೂ ಐವತ್ತೇಳು. ಜಿಲ್ಲೆಯಿಂದ ಒಂದೊಂದು ತೂಕಕ್ಕೆ ಒಬ್ಬಳೇ ಹೋಗಬೇಕು. ಮೇಲಿನ ತೂಕಗಳಿಗೆ ಆಗಲೇ ಹುಡುಗಿಯರಿದ್ದರು. ಕೋಚ್ ಸಾರ್ ನನ್ನನ್ನು ಕರೆದರು.

"ಮಂಜುಳ ಐವತ್ತೇಳಕ್ಕಿರ್ಲಿ. ನೀನು ಐವತ್ಮೂರಕ್ಕೆ ಇಳಿ."

"ನಾನು ಐವತ್ತೇಳಿದೀನಲ್ಲ ಸಾರ್?"

"ನಾಲ್ಕು ಕೇಜಿ ಅಂದ್ರೆ ಏನಮ್ಮ? ಒಂದು ಕುಂಬಳಕಾಯಿ. ತೆಗೆದು ಕೆಳಗಿಟ್ರಾಯ್ತು. ಅಲ್ಲಿರೋರೆಲ್ಲ ಸಣ್ಣ ಹುಡುಗೀರು, ನೀನು ಹೋದ್ರೆ ಮೆಡಲ್ ಗ್ಯಾರಂಟಿ."

ಆ ಕುಂಬಳಕಾಯಿ ನನ್ನ ಮೈಯಲ್ಲಿ ಎಲ್ಲಿದೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಒಂದು ಚೀಟಿಯಲ್ಲಿ ಊಟದ ಪಟ್ಟಿ ಬರೆದುಕೊಟ್ಟರು. ಬೆಳಿಗ್ಗೆ ನಾಲ್ಕು ಬಾದಾಮಿ. ಮಧ್ಯಾಹ್ನ ಎರಡು ಚಪಾತಿ. ರಾತ್ರಿ: ಕಂಟ್ರೋಲ್. ಕಂಟ್ರೋಲ್ ಎಂಬುದು ಬೇಯಿಸಿ ತಿನ್ನುವ ಪದಾರ್ಥವೋ ಹಸಿಯಾಗಿ ತಿನ್ನುವುದೋ ಎಂದು ಕೇಳುವ ಧೈರ್ಯ ಬರಲಿಲ್ಲ. ಪಟ್ಟಿ ಬರೆಯುವಾಗ ಅವರ ಎಡಗೈಯಲ್ಲಿ ಬೋಂಡ ಇತ್ತು. ಸಾರ್ ದೇಹದಲ್ಲಿ ನಾಲ್ಕಾರು ಕುಂಬಳಕಾಯಿಗಳು ಕಣ್ಣಿಗೇ ಕಾಣುತ್ತಿದ್ದವು.

ಆಗಸ್ಟಿನಲ್ಲಿ ಶುರುಮಾಡಿದೆ. ಮೊದಲು ಮುದ್ದೆ ಬಿಟ್ಟೆ, ಆಮೇಲೆ ಅನ್ನ, ಆಮೇಲೆ ನಗುವುದನ್ನು. ಚಳಿಯಿಲ್ಲದ ದಿನವೂ ಚಳಿ. ಬಾಚಣಿಗೆಯಲ್ಲಿ ಉಂಡೆಉಂಡೆ ಕೂದಲು. ಪುಸ್ತಕ ತೆರೆದರೆ ಅಕ್ಷರಗಳ ನಡುವೆ ಒಗ್ಗರಣೆ ಸಿಡಿಯುತ್ತಿತ್ತು. ತಮಾಷೆ ನೋಡಿ, ನಾನು ಹೀಗೆ ಒಣಗುತ್ತಿದ್ದರೆ ನೆಂಟರಿಷ್ಟರೆಲ್ಲ ಸಂಭ್ರಮಪಟ್ಟರು. ಕುಸ್ತಿ ಎಂದರೆ ಮೂಗು ಮುರಿಯುತ್ತಿದ್ದ ಚಿಕ್ಕಮ್ಮ ನನ್ನ ಕೆನ್ನೆಯ ಮೂಳೆ ನೋಡಿ, "ಈಗ ನೋಡಕ್ಕ, ಹೆಣ್ಣು ಹೆಣ್ಣಿನ ಥರಾ ಕಾಣ್ತಾಳೆ. ಇದೇ ಕುಸ್ತಿ ಮುಂದುವರಿಸ್ಲಿ" ಎಂದು ಅಮ್ಮನಿಗೆ ಶಿಫಾರಸು ಮಾಡಿದರು. ಹೆಣ್ಣು ಎಷ್ಟು ಕಡಿಮೆಯಿದ್ದರೆ ಅಷ್ಟು ಚೆಂದ ಎಂಬ ಒಂದೇ ವಿಷಯದಲ್ಲಿ ನಮ್ಮ ಕೋಚ್ ಸಾರ್ ಮತ್ತು ನಮ್ಮ ಚಿಕ್ಕಮ್ಮ ಒಮ್ಮತಕ್ಕೆ ಬಂದಿದ್ದರು.

ಅಭ್ಯಾಸದಲ್ಲಿ ಮಾತ್ರ ನನ್ನ ಕೈ ನೆನೆದ ಬಟ್ಟೆಯಾಗಿತ್ತು. ಮೊದಲು ನನ್ನ ಹಿಡಿತ ಬಿಡಿಸಲು ಒದ್ದಾಡುತ್ತಿದ್ದ ಮಂಜುಳ ಈಗ ನನ್ನನ್ನು ಹಾಸಿಗೆ ಮಡಚಿದಂತೆ ಮಡಚಿಡುತ್ತಿದ್ದಳು. ಸಾರ್ ಕಾರಣ ಪತ್ತೆಹಚ್ಚಿದರು. "ಮೆಂಟಲೀ ವೀಕ್ ಆಗಿದೀಯಮ್ಮ ನೀನು. ಹಸಿವು ಅನ್ನೋದು ಮನಸ್ಸಿನಲ್ಲಿರೋದು."

ನಾನೂ ಹೂಂ ಎಂದೆ. ಬೈಯುವುದಿದ್ದರೆ ನನ್ನನ್ನೂ ಸೇರಿಸಿಯೇ ಬೈಯಬೇಕು. ಊಟ ಬಿಟ್ಟದ್ದೇ ಸಾಧನೆ ಎಂದು ಕ್ಲಾಸಿನಲ್ಲಿ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಟಿಫಿನ್ ಡಬ್ಬಿ ತೆರೆದ ಗೆಳತಿಯರನ್ನು ಕಂಡರೆ, ಪಾಪ, ಸಾಮಾನ್ಯ ಜೀವಿಗಳು ಎಂಬಂತೆ ನೋಡುತ್ತಿದ್ದೆ.

ರಾಜ್ಯಮಟ್ಟದ ಸ್ಪರ್ಧೆ ಬಿದ್ದದ್ದು ಸಂಕ್ರಾಂತಿ ಕಳೆದ ಮೇಲೆ. ಅಂದರೆ ಅವರೆಕಾಯಿ ಕಾಲ. ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮನೆಯಲ್ಲಿ ದಿನವೂ ಹಿತಕಿದ ಬೇಳೆ ಸಾರು ಕುದಿಯುತ್ತಿತ್ತು. ನಾನು ಸೊನೆ ಅವರೆಯ ವಾಸನೆ ಬಾರದ ಹಾಗೆ ಕಿಟಕಿ ಮುಚ್ಚಿ ಕೂರುತ್ತಿದ್ದೆ. ಕೊನೆಯ ವಾರ ಐವತ್ತೈದರಲ್ಲಿ ತೂಕ ನಿಂತುಬಿಟ್ಟಿತು. ಆಗ ಸಾರ್ ನೀರು ನಿಲ್ಲಿಸಿದರು, ಮಳೆಕೋಟು ತೊಡಿಸಿ ಸ್ಕಂದಗಿರಿಯ ಬುಡದ ರಸ್ತೆಯಲ್ಲಿ ಓಡಿಸಿದರು. ಅವರು ಹಿಂದಿನಿಂದ ಬೈಕಿನಲ್ಲಿ ಬರುತ್ತಿದ್ದರು.

ಬೆಟ್ಟ ಹತ್ತಿ ಇಳಿದ ಬೆಂಗಳೂರಿನವರು ದಾರಿಬದಿಯಲ್ಲಿ ಕಾರು ನಿಲ್ಲಿಸಿಕೊಂಡು ಬಾಟಲಿಯಲ್ಲಿ ನೀರು ಕುಡಿಯುತ್ತಿದ್ದರು. ಕುಡಿದು ಉಳಿದದ್ದನ್ನು ಒಬ್ಬ ತನ್ನ ಶೂ ಮೇಲೆ ಸುರಿದುಕೊಂಡ. ನಾನು ನಿಂತು ಆ ಶೂ ನೋಡಿದೆ. ಅವನ ಜೊತೆಗಿದ್ದ ಹುಡುಗಿ, "ನೀರು ಬೇಕಾ? ತಗೊಳ್ಳಿ" ಎಂದು ಬಾಟಲಿ ಚಾಚಿದಳು. ತೆಗೆದುಕೊಂಡೆ. ಒಂದು ಬಾಯಿ ಮುಕ್ಕಳಿಸಿ, ಸಾರ್ ನೋಡುತ್ತಿದ್ದಾರೆಂದು ಉಗಿದೆ. ಆ ಹುಡುಗಿಯ ಮುಖ ಸಣ್ಣಗಾಯಿತು. ನೀರು ಕೊಟ್ಟವರ ಎದುರಿಗೇ ಉಗಿದವಳು ನಾನೊಬ್ಬಳೇ ಇರಬೇಕು.

ಸ್ಪರ್ಧೆಯ ಬೆಳಿಗ್ಗೆ ತಕ್ಕಡಿ ಹತ್ತಿದರೆ ಐವತ್ಮೂರು ಕೇಜಿ ಇನ್ನೂರು ಗ್ರಾಂ. ತೂಕ ನೋಡುವ ಮೇಡಂ ಗಡಿಯಾರ ತೋರಿಸಿದರು. ಇಪ್ಪತ್ತು ನಿಮಿಷ ಉಳಿದಿತ್ತು. ಉಗುಳೋಣವೆಂದರೆ ಬಾಯಲ್ಲಿ ಎಂಜಲಿಲ್ಲ. ಕುಣಿದು ಬೆವರೋಣವೆಂದರೆ ಮೈಯಲ್ಲಿ ಬೆವರಿಲ್ಲ. ಸಾರ್ ಬಾಗಿಲಾಚೆ ನಿಂತು, "ಜಡೆ! ಜಡೆ ನೋಡ್ರಮ್ಮ!" ಎಂದು ಕೂಗಿದರು. ಮಂಜುಳ ಪ್ರಥಮ ಚಿಕಿತ್ಸೆಯ ಡಬ್ಬಿಯಿಂದ ಕತ್ತರಿ ತಂದಳು.

"ಏಮೇ, ನಿಜವಾಗ್ಲೂ ಕತ್ತರಿಸ್ಲಾ?"

"ಕತ್ತರಿಸು."

"ನಿಮ್ಮಮ್ಮ ನನ್ನ ಕೊಲ್ತಾರೆ."

"ಕತ್ತರಿಸೇ!"

ಬ್ಯಾಂಡೇಜು ಕತ್ತರಿಸುವ ಮೊಂಡು ಕತ್ತರಿ. ಎಳೆಎಳೆಯಾಗಿ ಕೊಯ್ದಳು. ಅಮ್ಮ ಪ್ರತಿ ಶನಿವಾರ ಹರಳೆಣ್ಣೆ ಹಚ್ಚಿ ಬೆಳೆಸಿದ ಜಡೆ ನೆಲದ ಮೇಲೆ ಬಿತ್ತು. ಮತ್ತೆ ಹತ್ತಿದೆ. ಐವತ್ಮೂರು ಸೊನ್ನೆ ಸೊನ್ನೆ. ಗಂಡು ಮೊಮ್ಮಗ ಹುಟ್ಟಿದವರಂತೆ ಸಾರ್ ಹೊರಗೆ ಚಪ್ಪಾಳೆ ತಟ್ಟಿದರು.

ಎರಡು ಗಂಟೆಯ ನಂತರ ಪಂದ್ಯ. ಅಷ್ಟರೊಳಗೆ ಬಾಳೆಹಣ್ಣು, ಗ್ಲೂಕೋಸು, ಇಡ್ಲಿ, ಎಲ್ಲವನ್ನೂ ಒಟ್ಟಿಗೆ ತುರುಕಿಕೊಂಡೆ. ಹೊಟ್ಟೆ ನನ್ನನ್ನು ಗುರುತೇ ಹಿಡಿಯದೆ ಎಲ್ಲವನ್ನೂ ವಾಪಸು ಕಳಿಸಿತು. ಎದುರಾಳಿ ಬೆಳಗಾವಿ ಕಡೆಯ ಸುನಂದಾ. ಕುಸ್ತಿ ಮನೆತನದವಳು ಎಂದು ಹೆದರಿಸಿದ್ದರು. ಸೀಟಿ ಊದಿದ ಕೂಡಲೇ ಇಬ್ಬರೂ ಒಬ್ಬರ ಕತ್ತಿಗೊಬ್ಬರು ಜೋತುಬಿದ್ದೆವು. ಅದು ಪಟ್ಟಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಅಕ್ಕತಂಗಿಯರು ಬೀಳ್ಕೊಡುವ ದೃಶ್ಯ. ರೆಫರಿ ಎರಡು ಸಲ ಗದರಿದರು. ಒಂದು ನಿಮಿಷ ಕಳೆದಿತ್ತೋ ಇಲ್ಲವೋ, ನನ್ನ ಮೀನಖಂಡ ಕಲ್ಲಿನಂತೆ ಸೆಟೆದು ಹಿಂದಕ್ಕೆ ಬಿದ್ದೆ. ಸುನಂದಾ ನನ್ನ ಮೇಲೆ ಬಿದ್ದಳು. ಬೀಳಿಸಿದಳು ಎಂದು ಬರೆದುಕೊಂಡರು.

ಆಮೇಲೆ ಹೊರಗಿನ ನಲ್ಲಿಯ ಹತ್ತಿರ ಅವಳೇ ಕೂತಿದ್ದಳು. ಮುಂದಿನ ಸುತ್ತಿನಲ್ಲಿ ಅವಳೂ ಸೋತಿದ್ದಳು. ತುಟಿ ಬಿರಿದು ರಕ್ತ ಕಾಣುತ್ತಿತ್ತು.

"ನಿಮ್ದು ಖರೇ ತೂಕ ಎಷ್ಟ್ರಿ?" ಎಂದು ಕೇಳಿದಳು.

"ಐವತ್ತೇಳು. ನಿಮ್ದು?"

"ನಂದೂ ಐವತ್ತೇಳ್ರಿ. ಐವತ್ತೇಳಕ್ಕ ನಮ್ಮೂರಾಕಿ ಒಬ್ಬಾಕಿ ಅದಾಳ. ಆಕಿದು ಅರವತ್ತೊಂದು." ನಲ್ಲಿ ತಿರುಗಿಸಿ ತುಟಿ ತೊಳೆದುಕೊಂಡು ಮತ್ತೆ ಹೇಳಿದಳು. "ಅಲ್ರೀ ಅಕ್ಕಾರ, ಹಂಗಾರ ನಾವಿಬ್ರೂ ಹೊಟ್ಟಿ ತುಂಬ ಉಂಡಽ ಕುಸ್ತಿ ಹಿಡೀಬಹುದಿತ್ತಲ್ರೀ?"

ನೀವೇ ಯೋಚಿಸಿ. ಇಡೀ ರಾಜ್ಯದ ಹುಡುಗಿಯರು ಒಂದೊಂದು ಮೆಟ್ಟಿಲು ಕೆಳಗಿಳಿದು ಬಂದಿದ್ದರು. ಸಾರ್ ಹೇಳಿದ ಆ ಸಣ್ಣ ಹುಡುಗಿಯರು ಎಲ್ಲೂ ಇರಲಿಲ್ಲ. ಯಾರು ಯಾರ ಜೊತೆ ಆಡಬೇಕಿತ್ತೋ ಅವರ ಜೊತೆಗೇ ಆಡಿದ್ದೆವು, ಉಪವಾಸವಿದ್ದು. ಇಷ್ಟು ಜನ ದೊಡ್ಡವರು ಸೇರಿ, ಇಷ್ಟು ವರ್ಷದ ಅನುಭವ ಸುರಿದು, ಇಷ್ಟು ದೊಡ್ಡ ಪೆದ್ದುತನವನ್ನು ಒಟ್ಟಾಗಿ ಮಾಡಬಲ್ಲರು ಎಂದು ಆ ನಲ್ಲಿಯ ಬಳಿ ಮೊದಲ ಸಲ ಹೊಳೆಯಿತು. ಹೊಳೆದೂ ಏನು ಮಾಡಿದೆ? ವಾಪಸು ಬರುವಾಗ ಬಸ್ಸಿನಲ್ಲಿ ಸಾರ್, "ಐವತ್ಮೂರು ನಿಂಗೆ ಹೊಂದ್ಲಿಲ್ಲ. ಮುಂದಿನ ಸಲ ಐವತ್ತಕ್ಕೆ ಇಳಿಸೋಣ" ಎಂದರು. ನಾನು, "ಆಯ್ತು ಸಾರ್" ಎಂದೆ.

ಮೋಟು ಕೂದಲಿನಲ್ಲಿ ಮನೆಗೆ ಬಂದ ನನ್ನನ್ನು ಅಮ್ಮ ಏನೂ ಅನ್ನಲಿಲ್ಲ. ಅವಳ ತಲೆಯಲ್ಲಿ ಬೇರೆಯದೇ ಕೊರೆಯುತ್ತಿತ್ತು. ನಮ್ಮಲ್ಲಿ ಮುಟ್ಟಾದವರು ಹುಳದ ಮನೆಗೆ ಕಾಲಿಡಬಾರದು ಎಂಬ ಕಟ್ಟುನಿಟ್ಟಿತ್ತು. ಐದು ತಿಂಗಳಿಂದ ನಾನು ಒಂದು ದಿನವೂ ತಪ್ಪಿಸದೆ ಹುಳಕ್ಕೆ ಸೊಪ್ಪು ಹಾಕುತ್ತಿದ್ದೆ. ಅದನ್ನು ನಾನು ನನ್ನ ಶ್ರದ್ಧೆ ಎಂದುಕೊಂಡಿದ್ದೆ. ಪ್ರತಿ ತಿಂಗಳ ರಗಳೆ ತಪ್ಪಿದ್ದು ಅನುಕೂಲವೇ ಆಯಿತು ಎಂದೂ ಅನ್ನಿಸಿತ್ತು. ಅಮ್ಮ ದಿನ ಎಣಿಸುತ್ತಿದ್ದಳು.

ಒಂದು ಬೆಳಿಗ್ಗೆ, "ನಡಿ, ಗೌರಿಬಿದನೂರಿಗೆ ಹೋಗಿಬರಣ" ಎಂದಳು. ಅಲ್ಲಿ ನಮಗೆ ಯಾರೂ ಪರಿಚಯವಿರಲಿಲ್ಲ. ಅದಕ್ಕೇ ಗೌರಿಬಿದನೂರು. ಎರಡು ಬಸ್ಸು ಬದಲಾಯಿಸಿ ಇಳಿದ ಮೇಲೆ ಹೆಂಗಸರ ಡಾಕ್ಟರ ಬೋರ್ಡು ಕಂಡಾಗ ನನಗೆ ಅರ್ಥವಾಯಿತು. ಸಿಟ್ಟು ಬಂತು. ಆದರೆ ಕೂಗಾಡಲು ತ್ರಾಣವಿರಲಿಲ್ಲ.

ಡಾಕ್ಟರು ವಯಸ್ಸಾದ ಹೆಂಗಸು. ಪರೀಕ್ಷೆ ಮಾಡಿದರು, ನಾಡಿ ಹಿಡಿದರು, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ಏನು ತಿನ್ನುತ್ತೀ ಎಂದು ಕೇಳಿದರು. ನಾನು ಬಾದಾಮಿಯಿಂದ ಕಂಟ್ರೋಲಿನವರೆಗೆ ಒಪ್ಪಿಸಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಅಮ್ಮನ ಕಡೆ ತಿರುಗಿದರು.

"ನಿಮ್ಮ ಮಗಳ ಹೊಟ್ಟೇಲಿ ಮಗು ಇಲ್ಲಮ್ಮ. ಏನೂ ಇಲ್ಲ. ಅದೇ ರೋಗ."

ಅಮ್ಮ ಸೆರಗಿನ ತುದಿ ಬಾಯಿಗಿಟ್ಟುಕೊಂಡಳು.

"ಮನೇಲಿ ದಿನಸಿ ಕಮ್ಮಿ ಆದ್ರೆ ನೀವೇನ್ಮಾಡ್ತೀರ? ನೆಂಟರನ್ನ ಕರಿಯೋದು ನಿಲ್ಲಿಸ್ತೀರ. ಮೈಯೂ ಹಂಗೇ. ಮೊದಲು ಮುಟ್ಟು ನಿಲ್ಲಿಸುತ್ತೆ, ಆಮೇಲೆ ಮೂಳೆ ಗಟ್ಟಿ ಮಾಡೋದು ನಿಲ್ಲಿಸುತ್ತೆ. ಹಿಂಗೇ ಬಿಟ್ರೆ ನಾಳೆ ಯಾರೂ ಬೀಳಿಸ್ಬೇಕಾಗಿಲ್ಲ, ತಾನೇ ಬಿದ್ದು ಕಾಲು ಮುರ್ಕೊಳ್ತಾಳೆ. ಯಾವನಮ್ಮ ಅವನು ಕೋಚು?"

ವಾಪಸು ಬಸ್ಸು ಗೌರಿಬಿದನೂರು ದಾಟಿತು. ಅಮ್ಮ ಕಿಟಕಿಯ ಕಡೆ ನೋಡುತ್ತಲೇ, "ನಾನು ಇನ್ನೇನೋ ಅಂದ್ಕೊಂಡ್ಬಿಟ್ಟಿದ್ದೆ ಕಣೇ" ಎಂದಳು.

"ಗೊತ್ತು."

"ಹೆತ್ತೋಳಾಗಿ ಅಂಥದ್ದು ಅನ್ಕೊಂಡೆ. ಅನ್ನ ತಿಂತಿಲ್ಲ ಅನ್ನೋದು ಕಾಣ್ಲಿಲ್ಲ."

ಅವಳ ಕೈ ನನ್ನ ಮಣಿಕಟ್ಟನ್ನು ಹಿಡಿದಿತ್ತು. ಬೆರಳು ಸುತ್ತಿ ಇನ್ನೂ ಜಾಗ ಉಳಿದಿತ್ತು. ಅವಳು ಅದನ್ನೇ ನೋಡುತ್ತಿದ್ದಳು.

ಚಿಕ್ಕಬಳ್ಳಾಪುರದಲ್ಲಿ ಇಳಿದವಳು ಶಿಡ್ಲಘಟ್ಟದ ಬಸ್ಸು ಹತ್ತಲಿಲ್ಲ. ಆಟೋ ಕರೆದಳು. ಜೀವಮಾನದಲ್ಲಿ ಒಂದು ಸಲವೂ ನನ್ನ ಆಟ ನೋಡಲು ಬರದಿದ್ದವಳು ನೇರ ನಾವು ಅಭ್ಯಾಸ ಮಾಡುವ ಶೆಡ್ಡಿಗೆ ನುಗ್ಗಿದಳು. ಮ್ಯಾಟಿನ ಮೇಲೆ ಮಂಜುಳ ಇನ್ನೊಬ್ಬಳನ್ನು ಹಿಡಿದಿದ್ದಳು, ಹಾಗೇ ನಿಂತಳು. ಸಾರ್ ಕುರ್ಚಿಯಲ್ಲಿದ್ದರು. ತೊಡೆಯ ಮೇಲೆ ಪೇಪರು, ಪೇಪರಿನ ಮೇಲೆ ಬೋಂಡ. ಅಮ್ಮ ಡಾಕ್ಟರ ಚೀಟಿ ಚಾಚಿದಳು. ಸಾರ್ ಓದಿದರು.

"ಎಲ್ರೂ ಹಿಂಗೇ ಮಾಡ್ತಾರಮ್ಮ. ನಾವು ಮಾಡ್ದಿದ್ರೆ ಹಿಂದೆ ಬೀಳ್ತೀವಿ."

"ಎಲ್ರೂ ಮಾಡಿದ್ಮೇಲೆ ಮುಂದೆ ಹೋಗೋರು ಯಾರು ಸಾರ್?"

ಸಾರ್ ಚೀಟಿ ವಾಪಸು ಚಾಚಿದರು. "ಇವೆಲ್ಲ ಸ್ಪೋರ್ಟ್ಸ್ ವಿಷಯ, ನಿಮಗೆ ಗೊತ್ತಾಗಲ್ಲ" ಎಂದರು.

"ನಂಗೆ ಗೊತ್ತಿರೋದು ಹುಳ ಸಾಕೋದೊಂದೇ ಸಾರ್. ಒಂದು ಹೊತ್ತು ಸೊಪ್ಪು ತಪ್ಪಿದ್ರೆ ಹುಳ ಜಾಳು ಗೂಡು ಕಟ್ಟುತ್ತೆ, ಮಾರ್ಕೆಟ್ಟಲ್ಲಿ ಹರಾಜು ಕೂಗೋರು ಕೈಯಲ್ಲಿ ಒತ್ತಿ ನೋಡಿ ಬಿಸಾಕ್ತಾರೆ. ಅದು ಹುಳ. ಇವಳು ನನ್ನ ಮಗಳು."

"ನಾನೂ ಕುಸ್ತಿ ಆಡಿರೋನೇ ಕಣಮ್ಮ. ನಾನೂ ಹಿಂಗೇ ತೂಕ ಇಳಿಸಿದೀನಿ, ಹತ್ತು ವರ್ಷ. ನಂಗೇನಾಯ್ತು?"

ಅಮ್ಮ ಅವರನ್ನೂ ಅವರ ತೊಡೆಯ ಮೇಲಿನ ಪೇಪರನ್ನೂ ನೋಡಿದಳು. ದನಿ ಏರಿಸದೆ, "ಆವತ್ತಿನ ಹಸಿವು ನಿಮಗಿನ್ನೂ ತೀರಿಲ್ಲ ಸಾರ್" ಎಂದಳು.

ಸಾರ್ ಬೋಂಡದ ಪೊಟ್ಟಣ ಮಡಚಿ ಕುರ್ಚಿಯ ಕೆಳಗಿಟ್ಟರು. ಅವರ ಮೇಲೆ ನನಗಿದ್ದ ತಿರಸ್ಕಾರದಲ್ಲಿ ಆ ಕ್ಷಣ ಒಂದು ಚೂರು ಉದುರಿಹೋಯಿತು. ಪೂರ್ತಿ ಹೋಗಲಿಲ್ಲ. ಇಂದಿಗೂ ಪೂರ್ತಿ ಹೋಗಿಲ್ಲ. ನಮ್ಮ ಮಂಜುಳ ಗಂಟಲು ಸರಿಮಾಡಿಕೊಂಡು, "ಸಾರ್, ಅವಳೂ ಐವತ್ತೇಳಕ್ಕೇ ಬರ್ಲಿ. ನಾವಿಬ್ರೂ ಆಡ್ತೀವಿ. ಗೆದ್ದೋರು ಹೋಗ್ಲಿ" ಎಂದಳು. ಇಷ್ಟು ಸರಳವಾದ ಉಪಾಯ ಆರು ತಿಂಗಳಿಂದ ಯಾರಿಗೂ ಹೊಳೆದಿರಲಿಲ್ಲ ನೋಡಿ.

ಕಳೆದದ್ದು ಬೇಗ ಬರಲಿಲ್ಲ. ಒಂದು ಮುದ್ದೆಗೆ ಹೊಟ್ಟೆ ಮತ್ತೆ ಒಗ್ಗಲು ವಾರಗಳು ಹಿಡಿದವು. ತಿಂದಾಗಲೆಲ್ಲ ತಪ್ಪು ಮಾಡಿದಂತೆ ಎದೆ ಹೊಡೆದುಕೊಳ್ಳುತ್ತಿತ್ತು. ಚಿಕ್ಕಮ್ಮ, "ಮತ್ತೆ ಊದಿದಾಳಲ್ಲ" ಎಂದು ನಿಟ್ಟುಸಿರಿಟ್ಟರು. ಅಮ್ಮ ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಏನೋ ಹೇಳಿದಳು, ಆಮೇಲೆ ಅವರು ನಮ್ಮ ಮನೆಯಲ್ಲಿ ಯಾರ ಮೈಯನ್ನೂ ವರ್ಣಿಸಲಿಲ್ಲ. ಮುಂಗಾರು ಶುರುವಾಗುವ ಹೊತ್ತಿಗೆ ಮುಟ್ಟು ಮರಳಿ ಬಂತು. ಅಂದು ಅಮ್ಮ ಒಬ್ಬಳೇ ಹುಳಕ್ಕೆ ಸೊಪ್ಪು ಹಾಕಿದಳು, ಅಷ್ಟು ಹುರುಪಿನಲ್ಲಿ ಆ ಕೆಲಸ ಮಾಡಿದ್ದನ್ನು ನಾನು ಕಂಡಿರಲಿಲ್ಲ.

ಆಯ್ಕೆ ಪಂದ್ಯ ನಡೆದದ್ದು ದೀಪಾವಳಿ ಕಳೆದ ವಾರ, ಅದೇ ಶೆಡ್ಡಿನಲ್ಲಿ. ನಾನೂ ಮಂಜುಳಾನೂ ಬೆಳಿಗ್ಗೆ ಒಂದೇ ಹೋಟೆಲಿನಲ್ಲಿ ಒಂದೇ ತಟ್ಟೆಯಿಂದ ಇಡ್ಲಿ ತಿಂದು ಬಂದಿದ್ದೆವು. ಮೂರು ಮೂರು ನಿಮಿಷದ ಎರಡು ಸುತ್ತು. ಮೊದಲ ಸುತ್ತಿನಲ್ಲಿ ಅವಳ ಕಾಲು ಹಿಡಿದು ಎತ್ತಿ ಹಾಕಿದೆ. ಅವಳು "ಅಮ್ಮೋ" ಎಂದು ಎದ್ದು ನನ್ನನ್ನು ತಿರುಗಿಸಿ ಹಾಕಿದಳು. ಒಬ್ಬರ ಬೆವರು ಇನ್ನೊಬ್ಬರ ಕಣ್ಣಿಗೆ ಇಳಿಯುತ್ತಿತ್ತು. ನನ್ನ ಬಲ ಹೇಗಿರುತ್ತದೆಂದು ನಾನೇ ಮರೆತಿದ್ದೆ. ಕೊನೆಯ ಅರ್ಧ ನಿಮಿಷದವರೆಗೂ ನಾನೇ ಒಂದು ಅಂಕ ಮುಂದಿದ್ದೆ. ಆಗ ಅವಳು ಎಲ್ಲಿಂದಲೋ ನುಗ್ಗಿ ಬಂದು ನನ್ನನ್ನು ಮ್ಯಾಟಿನಿಂದ ಹೊರಕ್ಕೆ ತಳ್ಳಿ ಒಂದು ಅಂಕ ಪಡೆದಳು, ಮತ್ತೊಮ್ಮೆ ತಳ್ಳಿ ಇನ್ನೊಂದು. ಸೀಟಿ ಕೇಳಿತು. ಸಾರ್ ಅವಳ ಕೈ ಎತ್ತಿದರು.

ಮಂಜುಳ ಬಾಗಿ ನನ್ನ ಕತ್ತು ತಬ್ಬಿ, "ಇಷ್ಟು ಬಲ ಎಲ್ಲಿ ಬಚ್ಚಿಟ್ಟಿದ್ಯೇ ನೀನು?" ಎಂದಳು.

ಹಿಂದಿನ ಸಲ ಸೋತಾಗ ನಾನು ಅತ್ತಿರಲಿಲ್ಲ. ಅಳಬೇಕೆಂದು ತುಂಬ ಅನ್ನಿಸಿತ್ತು, ಆದರೆ ಕಣ್ಣಿಗೆ ಬರುವಷ್ಟು ನೀರು ಮೈಯಲ್ಲಿರಲಿಲ್ಲ. ಈ ಸಲ ಮ್ಯಾಟಿನ ಅಂಚಿನಲ್ಲಿ ಕೂತು, ಎಲ್ಲರೂ ನೋಡುತ್ತಿದ್ದ ಹಾಗೆಯೇ, ಕೆನ್ನೆ ಗಲ್ಲ ಎಲ್ಲ ತೊಯ್ದು ಹೋಗುವಂತೆ ಅತ್ತೆ.